ಉತ್ತರ ಸಿಕ್ಕಿತು, ಅರ್ಥವಾಯಿತೆ? ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಂಗ್ಲಿಷ್ ಓದಿನ ಅಭ್ಯಾಸ

ಮಕ್ಕಳು ಮೊದಲು ನೋಡಿರದ ಒಂದು ಇಂಗ್ಲಿಷ್ ಗದ್ಯಭಾಗ ಕೊಟ್ಟು, ಅದರ ಕೆಳಗೆ ಪ್ರಶ್ನೆ ಕೇಳುವುದು ನಮ್ಮ ಪ್ರೌಢಶಾಲಾ ಪರೀಕ್ಷೆಗಳಲ್ಲಿ ಹಳೆಯ ರೂಢಿ. ಶಿಕ್ಷಕರೂ ಮಕ್ಕಳೂ ಇದನ್ನು ‘ಅನ್‌ಸೀನ್ ಪ್ಯಾಸೇಜ್’ ಎಂದೇ ಕರೆಯುತ್ತಾರೆ. ಕಲಿಕೆಯಲ್ಲಿ ಹಿಂದುಳಿದವರಿಗಾಗಿ ಪರೀಕ್ಷೆಯ ಹೊತ್ತಿಗೆ ಸಿದ್ಧವಾಗುವ ‘ಪಾಸಿಂಗ್ ಪ್ಯಾಕೇಜ್’ಗಳಲ್ಲಿ ಇದಕ್ಕೆ ಖಾಯಂ ಜಾಗವಿರುತ್ತದೆ, ಏಕೆಂದರೆ ಇಲ್ಲಿ ಅಂಕ ಗಳಿಸುವುದು ಸುಲಭ ಎಂಬ ನಂಬಿಕೆಯಿದೆ. ಆಗ ಮಕ್ಕಳಿಗೆ ಸಿಗುವ ಸಲಹೆ ಬಹುಪಾಲು ಒಂದೇ: ಮೊದಲು ಪ್ರಶ್ನೆ ಓದು, ಪ್ರಶ್ನೆಯಲ್ಲಿರುವ ಪದ ಪ್ಯಾಸೇಜಿನಲ್ಲಿ ಎಲ್ಲಿದೆ ಎಂದು ಹುಡುಕು, ಆ ಸಾಲನ್ನು ಹಾಗೇ ಎತ್ತಿ ಬರೆ.

ಈ ಸಲಹೆ ಫಲ ಕೊಡುತ್ತದೆ ಎಂಬುದೇ ಈ ಲೇಖನದ ಸಮಸ್ಯೆ. ಅರ್ಥವಾಗದೆಯೂ ಉತ್ತರ ಬರೆಯಲು ಸಾಧ್ಯವಿರುವಾಗ, ಅಂಥ ಉತ್ತರಗಳ ಅಭ್ಯಾಸದಿಂದ ಅರ್ಥಮಾಡಿಕೊಳ್ಳುವ ಶಕ್ತಿ ಬೆಳೆಯುವುದಿಲ್ಲ. ಅದು ಬೆಳೆದಿಲ್ಲ ಎಂಬ ಸಂಗತಿಯೂ ಶಿಕ್ಷಕರ ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಮಾಧ್ಯಮದ ತರಗತಿಯಲ್ಲಿ ಇದಕ್ಕೆ ಕೈಗೆಟಕುವ ಪರಿಹಾರವೊಂದಿದೆ. ಅದು ಕನ್ನಡವೇ ಎಂಬುದು ನನ್ನ ವಾದ.

ಒಂದು ಸಣ್ಣ ಪ್ರಯೋಗ ಮಾಡಿ ನೋಡೋಣ. ‘ಗುಂಬಳ ಜೊರಂಬದಲ್ಲಿ ದುಪ್ಪನ್ನು ಹೆಂಕಿತು’ ಎಂಬ ವಾಕ್ಯವಿದೆ ಎಂದುಕೊಳ್ಳಿ. ಇದರ ನಾಲ್ಕು ಪದಗಳಲ್ಲಿ ಒಂದೂ ಕನ್ನಡದಲ್ಲಿಲ್ಲ. ಆದರೂ ‘ಗುಂಬಳ ದುಪ್ಪನ್ನು ಎಲ್ಲಿ ಹೆಂಕಿತು?’ ಎಂದು ಕೇಳಿದರೆ ‘ಜೊರಂಬದಲ್ಲಿ’ ಎನ್ನಲು ಯಾವ ಕನ್ನಡಿಗನೂ ತಡಮಾಡುವುದಿಲ್ಲ. ‘ದುಪ್ಪನ್ನು ಹೆಂಕಿದ್ದು ಯಾವುದು?’ ಎಂದರೆ ‘ಗುಂಬಳ’ ಎನ್ನುತ್ತಾನೆ. ಎರಡಕ್ಕೂ ಪೂರ್ಣ ಅಂಕ. ಏನಾಯಿತು ಎಂಬುದು ಮಾತ್ರ ಅವನಿಗೆ ಗೊತ್ತಿಲ್ಲ. ವಿಭಕ್ತಿ ಪ್ರತ್ಯಯ ಮತ್ತು ಪದಗಳ ಸ್ಥಾನ ಕಂಡರೆ ಇಷ್ಟು ಉತ್ತರ ಹೊರಡುತ್ತದೆ. ಇಂಗ್ಲಿಷ್ ಪ್ಯಾಸೇಜಿನ ಮುಂದೆ ಕುಳಿತ ನಮ್ಮ ಎಷ್ಟೋ ಮಕ್ಕಳು ಮಾಡುತ್ತಿರುವುದು ಇದನ್ನೇ, ಮತ್ತು ಅವರ ಜಾಣತನ ಸಣ್ಣದಲ್ಲ. ಆ ಜಾಣತನವನ್ನು ಓದು ಎಂದು ತಿಳಿದು ನಾವು ತೃಪ್ತರಾಗುತ್ತಿದ್ದೇವೆ ಎಂಬುದೇ ಚಿಂತೆಯ ವಿಷಯ.

ಇದು ನಮ್ಮಲ್ಲಿ ಮಾತ್ರ ಇರುವ ದೋಷವಲ್ಲ. ಅಮೆರಿಕದ ಪ್ರಾಥಮಿಕ ತರಗತಿಗಳಲ್ಲಿ ಓದಿನ ಪಾಠ ಹೇಗೆ ನಡೆಯುತ್ತದೆ ಎಂಬುದನ್ನು ಡೊಲೊರೆಸ್ ಡರ್ಕಿನ್ ಕುಳಿತು ಗಮನಿಸಿ 1978-79ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಆಕೆ ಗಮನಿಸಿದ 4,469 ನಿಮಿಷಗಳ ಓದಿನ ಪಾಠದಲ್ಲಿ ಅರ್ಥಮಾಡಿಕೊಳ್ಳುವುದು ಹೇಗೆಂದು ಕಲಿಸಲು ಬಳಕೆಯಾದದ್ದು 20 ನಿಮಿಷ. ಅದಕ್ಕಿಂತ ಎಷ್ಟೋ ಹೆಚ್ಚು ಸಮಯ ಹೋದದ್ದು ಪ್ರಶ್ನೆ ಕೇಳಿ ಉತ್ತರ ಸರಿಯೋ ತಪ್ಪೋ ನೋಡುವುದರಲ್ಲಿ. ಮಾತೃಭಾಷೆಯಲ್ಲೇ ಓದುವ ಮಕ್ಕಳ ತರಗತಿಯ ಚಿತ್ರ ಇದು. ಎರಡನೆಯ ಭಾಷೆಯಲ್ಲಿ ಓದುವ ಮಗುವಿಗೆ ಈ ಕೊರತೆ ಇನ್ನೂ ದುಬಾರಿ.

ಕರ್ನಾಟಕದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೊದಲು ಐದನೆಯ ತರಗತಿಯಿಂದ ಆರಂಭವಾಗುತ್ತಿತ್ತು. 2007-08ರಿಂದ ಅದು ಒಂದನೆಯ ತರಗತಿಗೇ ಬಂತು. ಬೇಗ ಆರಂಭಿಸಿದರೆ ಬೇಗ ಬರುತ್ತದೆ ಎಂಬ ನಿರೀಕ್ಷೆ ಸಹಜವಾದದ್ದೇ. ಆದರೆ ದೇಶದ ಗ್ರಾಮೀಣ ಮಕ್ಕಳ ಓದನ್ನು ಮನೆಮನೆಗೆ ಹೋಗಿ ಪರೀಕ್ಷಿಸುವ ‘ಅಸರ್’ ಸಮೀಕ್ಷೆ ಬೇರೆಯದನ್ನು ಹೇಳುತ್ತದೆ. ಸರಳ ಇಂಗ್ಲಿಷ್ ವಾಕ್ಯ ಓದಬಲ್ಲ ಐದನೆಯ ತರಗತಿಯ ಮಕ್ಕಳ ಪ್ರಮಾಣ 2016ರಲ್ಲಿ ಶೇ. 24.7 ಇತ್ತು, 2022ರಲ್ಲಿ ಶೇ. 24.5. ಎಂಟನೆಯ ತರಗತಿಯಲ್ಲಿ ಶೇ. 45.3 ಇದ್ದದ್ದು ಶೇ. 46.7 ಆಯಿತು. ಇವು ಅಖಿಲ ಭಾರತದ ಅಂಕಿಗಳು, ಮತ್ತು ಇಲ್ಲಿ ಲೆಕ್ಕ ಹಾಕಿರುವುದು ಬಾಯಿಬಿಟ್ಟು ಓದುವುದನ್ನು. ವಾಕ್ಯ ಓದಿದ ಮಗುವಿಗೆ ಅದರ ಅರ್ಥವನ್ನು ತನ್ನ ಭಾಷೆಯಲ್ಲಿ ಹೇಳು ಎಂದು ಈ ಸಮೀಕ್ಷೆ ಪ್ರತ್ಯೇಕವಾಗಿ ಕೇಳುತ್ತದೆ. ನಮ್ಮ ಶಾಲಾ ಪರೀಕ್ಷೆ ಇಂದಿಗೂ ಕೇಳದಿರುವ ಪ್ರಶ್ನೆ ಅದು.

ಕನ್ನಡದ ಮಗುವಿಗೆ ಇಂಗ್ಲಿಷ್ ಓದಿನಲ್ಲಿ ತೊಡಕಾಗುವುದು ಎಲ್ಲಿ? ಮೊದಲ ತೊಡಕು ಲಿಪಿಯದು. ಕನ್ನಡದಲ್ಲಿ ಅಕ್ಷರ ಬಂದರೆ ಓದು ಬಂತು. ಆ ಅಕ್ಷರಗಳನ್ನು ಕಲಿಯುವುದಕ್ಕೇ ಸಾಕಷ್ಟು ವರ್ಷ ಬೇಕಾಗುತ್ತದೆ ಎಂದು ಬೆಂಗಳೂರಿನ ಸೊನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಒತ್ತಕ್ಷರಗಳು ಇನ್ನೂ ಕೈಹತ್ತದಿರುವಾಗಲೇ ಮಗು ಇಂಗ್ಲಿಷಿನ ಸ್ಪೆಲಿಂಗ್ ಎದುರಿಸಬೇಕು, ಅಲ್ಲಿ ಬರೆದಂತೆ ಓದುವ ನಿಯಮವಿಲ್ಲ. ಅದಕ್ಕೇ ಮಕ್ಕಳು ಇಂಗ್ಲಿಷ್ ಪುಸ್ತಕದಲ್ಲಿ ಪ್ರತಿ ಸಾಲಿನ ಮೇಲೂ ಪೆನ್ಸಿಲ್ಲಿನಿಂದ ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಬರೆದುಕೊಳ್ಳುತ್ತಾರೆ. ಶಿಕ್ಷಕರು ಓದಿಸಿದಾಗ ಆ ಪೆನ್ಸಿಲ್ ಸಾಲನ್ನು ಸರಾಗವಾಗಿ ಓದಿಬಿಡುತ್ತಾರೆ. ಕೇಳಿದವರಿಗೆ ಓದು ಬಂದಂತೆ ತೋರುತ್ತದೆ. ಆದರೆ ಮಗುವಿನ ಗಮನವೆಲ್ಲ ಧ್ವನಿಯ ಮೇಲೇ ಖರ್ಚಾಗಿರುತ್ತದೆ.

ಎರಡನೆಯದು ವಾಕ್ಯರಚನೆ. ನನ್ನ ದೃಷ್ಟಿಯಲ್ಲಿ ಇದು ಪದಗಳ ಕೊರತೆಗಿಂತ ಹೆಚ್ಚು ಗಂಭೀರ, ಆದರೆ ತರಗತಿಯಲ್ಲಿ ಇದರ ಮಾತೇ ಬರುವುದಿಲ್ಲ. ‘ದ ಮ್ಯಾನ್ ಹೂ ಸೋಲ್ಡ್ ದ ಕೌ ಬಾಟ್ ಎ ಸೈಕಲ್’ ಎಂಬ ವಾಕ್ಯ ತೆಗೆದುಕೊಳ್ಳಿ. ಪ್ರತಿ ಪದವೂ ಏಳನೆಯ ತರಗತಿಯ ಮಗುವಿಗೆ ಪರಿಚಿತ. ಕನ್ನಡದಲ್ಲಿ ವಿಶೇಷಣವಾಗುವ ಭಾಗ ಮೊದಲೇ ಬಂದು ‘ಹಸು ಮಾರಿದವನು ಸೈಕಲ್ ಕೊಂಡ’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಆ ಭಾಗ ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ತೂರಿಕೊಂಡು, ‘ಬಾಟ್’ ಎಂಬ ಕ್ರಿಯೆಯ ಪಕ್ಕದಲ್ಲಿ ಹಸು ನಿಲ್ಲುತ್ತದೆ. ಸೈಕಲ್ ಕೊಂಡವರು ಯಾರು ಎಂದು ತಿಳಿಯಬೇಕಾದರೆ ಮಗು ಹಿಂದಕ್ಕೆ ಹೋಗಿ ‘ಮ್ಯಾನ್’ ಅನ್ನು ಹಿಡಿದು ತರಬೇಕು. ಇನ್ನು ಸರ್ವನಾಮಗಳು. ಕನ್ನಡದ ‘ಬಂದಳು’, ‘ಬಂದನು’, ‘ಬಂದಿತು’ಗಳಲ್ಲಿ ಲಿಂಗವೂ ವಚನವೂ ಕ್ರಿಯಾಪದದ ತುದಿಯಲ್ಲೇ ಇರುವುದರಿಂದ ಸರ್ವನಾಮವನ್ನು ಬಿಟ್ಟರೂ ನಷ್ಟವಿಲ್ಲ. ಇಂಗ್ಲಿಷಿನ ‘ಕೇಮ್’ ಏನನ್ನೂ ಹೇಳುವುದಿಲ್ಲ. ಅಲ್ಲಿ ‘ಇಟ್’, ‘ದೆಮ್’ ಬಂದಾಗಲೆಲ್ಲ ನಿಂತು, ಇದು ಯಾವುದನ್ನು ಸೂಚಿಸುತ್ತದೆ ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ಯಾರಾದರೂ ಕಲಿಸಬೇಕು.

ಮೂರನೆಯದು ಮಗುವಿನ ಲೋಕಜ್ಞಾನ. ಸ್ಟೆಫನ್ಸನ್, ಜೋಗ್‌ದೇವ್ ಮತ್ತು ಆ್ಯಂಡರ್‌ಸನ್ 1979ರಲ್ಲಿ ಭಾರತೀಯರಿಗೂ ಅಮೆರಿಕನ್ನರಿಗೂ ಎರಡು ಪತ್ರ ಓದಲು ಕೊಟ್ಟರು: ಒಂದು ಭಾರತೀಯ ಮದುವೆಯದು, ಇನ್ನೊಂದು ಅಮೆರಿಕನ್ ಮದುವೆಯದು. ತಮ್ಮ ಕಡೆಯ ಮದುವೆಯ ಪತ್ರವನ್ನು ಇಬ್ಬರೂ ಬೇಗ ಓದಿದರು, ಹೆಚ್ಚು ನೆನಪಿಟ್ಟರು. ಬೇರೆಯವರ ಮದುವೆಯಲ್ಲಿ ಎಡವಿದರು. ಪ್ಯಾಸೇಜ್ ಆಯುವವರು ಇದನ್ನು ಗಮನಿಸಬೇಕು.

ಕೊನೆಯದು ಪದಗಳ ಹೊರೆ. ಓದುಗರು ಯಾರ ಸಹಾಯವೂ ಇಲ್ಲದೆ ಒಂದು ಕಥೆಯನ್ನು ಅರ್ಥಮಾಡಿಕೊಳ್ಳಲು ಅದರಲ್ಲಿನ ಎಷ್ಟು ಪದಗಳು ಗೊತ್ತಿರಬೇಕು ಎಂದು ಸಂಶೋಧಕರಾದ ಹೂ ಮತ್ತು ಪಾಲ್ ನೇಷನ್ 2000ದಲ್ಲಿ ಪರೀಕ್ಷಿಸಿದರು. ಅವರು ಕಂಡುಕೊಂಡ ಮಟ್ಟ ಶೇ. 98. ಅಂದರೆ ಐವತ್ತು ಪದಕ್ಕೆ ಒಂದೇ ಹೊಸ ಪದ. ಐದರಲ್ಲಿ ಒಂದು ಪದ ಗೊತ್ತಿಲ್ಲದಾಗ ಒಬ್ಬರಿಗೂ ಕಥೆ ಸಮರ್ಪಕವಾಗಿ ಅರ್ಥವಾಗಲಿಲ್ಲ. ನಮ್ಮ ಪಠ್ಯಪುಸ್ತಕದ ಒಂದು ಪುಟವನ್ನು ತೆರೆದು, ತರಗತಿಯ ಸಾಧಾರಣ ಮಗುವಿಗೆ ಗೊತ್ತಿಲ್ಲದ ಪದಗಳಿಗೆ ಪೆನ್ಸಿಲ್ ಗುರುತು ಹಾಕುತ್ತ ಹೋದರೆ ಪರಿಸ್ಥಿತಿ ತಾನೇ ತಿಳಿಯುತ್ತದೆ. ಆಗ ಗೈಡಿನ ಹೊರತು ಮಗುವಿಗೆ ಬೇರೆ ದಾರಿಯಿರುವುದಿಲ್ಲ.

ಓದುವ ಪುಸ್ತಕದಲ್ಲಿ ಹೊಸ ಪದಗಳು ಮಿತವಾಗಿರಬೇಕೆಂಬ ಮಾತು ನಮ್ಮ ಉಪಖಂಡಕ್ಕೆ ಹೊಸದಲ್ಲ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ 1926ರಲ್ಲೇ ಬಂಗಾಳದ ಶಾಲೆಗಳನ್ನು ಕುರಿತ ತಮ್ಮ ಅಧ್ಯಯನದಲ್ಲಿ, ಮಕ್ಕಳಿಗೆ ಇಂಗ್ಲಿಷಿನಲ್ಲಿ ಮೊದಲು ಬೇಕಾದದ್ದು ಓದು ಎಂದರು. ಅರ್ಧಕ್ಕೆ ಶಾಲೆ ಬಿಡುವ ಮಗುವಿಗೂ ಕಲಿತಷ್ಟು ಪ್ರಯೋಜನಕ್ಕೆ ಬರಬೇಕು ಎಂಬುದು ಅವರ ಕಾಳಜಿ. ಹೊಸ ಪದಗಳನ್ನು ವಿರಳವಾಗಿ, ಹಿಂದಿನವು ಮತ್ತೆ ಮತ್ತೆ ಬರುವಂತೆ ಹರಡಿ ಅವರು ಓದುವ ಪುಸ್ತಕಗಳನ್ನು ರಚಿಸಿದರು. ಶಾಲೆ ಬಿಡುವ ಮಗುವಿನ ಬಗ್ಗೆ ಪಠ್ಯ ರಚಿಸುವವರು ಅಷ್ಟು ಪ್ರಾಮಾಣಿಕವಾಗಿ ಯೋಚಿಸಿದ ನಿದರ್ಶನಗಳು ಕಡಿಮೆ.

ಬೆಂಗಳೂರಿನ ಹೆಸರನ್ನೇ ಹೊತ್ತ ಒಂದು ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಬೋಧನಾ ಯೋಜನೆ ಜಗತ್ತಿನ ಭಾಷಾಬೋಧನೆಯ ಚರ್ಚೆಯಲ್ಲಿ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಪ್ರಸಿದ್ಧ. ಅದಕ್ಕೆ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಬೆಂಬಲವಿತ್ತು. ಅಲ್ಲಿ ವ್ಯಾಕರಣದ ಪಾಠವಿರಲಿಲ್ಲ, ಬಾಯಿಪಾಠವಿರಲಿಲ್ಲ. ಮಕ್ಕಳ ಕೈಗೆ ರೈಲಿನ ವೇಳಾಪಟ್ಟಿ, ನಕ್ಷೆ, ಶಾಲೆಯ ಟೈಂಟೇಬಲ್ ಇಂಥವು ಬರುತ್ತಿದ್ದವು. ಇಷ್ಟು ಹೊತ್ತಿಗೆ ಊರು ಸೇರಬೇಕಾದರೆ ಯಾವ ರೈಲು ಹತ್ತಬೇಕು ಎಂಬಂಥ ಸಮಸ್ಯೆ. ಮೊದಲು ಅದೇ ಬಗೆಯ ಒಂದು ಸಮಸ್ಯೆಯನ್ನು ಶಿಕ್ಷಕರು ಇಡೀ ತರಗತಿಯ ಜೊತೆ ಗಟ್ಟಿಯಾಗಿ ಯೋಚಿಸುತ್ತ ಬಿಡಿಸುವರು, ಆಮೇಲೆ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು. ಅಂಕ ಸಿಗುತ್ತಿದ್ದದ್ದು ಉತ್ತರದ ಭಾಷೆಗಲ್ಲ, ಉತ್ತರಕ್ಕೆ. ಪದ ಹೊಂದಿಸಿ ಉತ್ತರ ಎತ್ತುವ ದಾರಿ ಅಲ್ಲಿ ಮುಚ್ಚಿತ್ತು, ಏಕೆಂದರೆ ಉತ್ತರ ಪಟ್ಟಿಯ ಯಾವ ಒಂದೇ ಸಾಲಿನಲ್ಲೂ ಇರಲಿಲ್ಲ. ಸಾಲುಗಳನ್ನು ಹೋಲಿಸಿದರಷ್ಟೇ ಸಿಗುತ್ತಿತ್ತು. 1985ರಲ್ಲಿ ಬೆರೆಟ್ಟಾ ಮತ್ತು ಡೇವಿಸ್ ಪ್ರಕಟಿಸಿದ ಮೌಲ್ಯಮಾಪನ ಎಚ್ಚರದ ದನಿಯಲ್ಲೇ ಆದರೂ ಈ ಪ್ರಯೋಗದ ಕಡೆಗೆ ವಾಲಿತು. 1987ರಲ್ಲಿ ಪ್ರಭು ಬರೆದ ಪುಸ್ತಕವನ್ನು ಲೋಕದ ನಾನಾ ಕಡೆ ಶಿಕ್ಷಕರು ಅಭ್ಯಾಸ ಮಾಡುತ್ತಾರೆ. ಬೆಂಗಳೂರಿನ ತರಗತಿಗಳಲ್ಲೇ ಅದರ ಗುರುತು ಇಷ್ಟು ಮಸುಕಾದದ್ದು ನಮ್ಮ ಶಿಕ್ಷಣಕ್ಕೆ ಆದ ನಿಜವಾದ ನಷ್ಟ.

ಪ್ರಭು ಅವರ ತತ್ತ್ವವನ್ನು ಸಾಮಾನ್ಯ ಗದ್ಯಭಾಗಕ್ಕೂ ಅನ್ವಯಿಸಬಹುದು. ‘ಅನ್‌ಲೆಸ್ ಇಟ್ ರೇನ್ಸ್ ಬೈ ಫ್ರೈಡೇ, ದ ಫಾರ್ಮರ್ಸ್ ವಿಲ್ ನಾಟ್ ಸೋ ರಾಗಿ’ ಎಂಬ ವಾಕ್ಯ ಪ್ಯಾಸೇಜಿನಲ್ಲಿದೆ ಎನ್ನೋಣ. ರೈತರು ಏನನ್ನು ಬಿತ್ತುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಮಗು ‘ರಾಗಿ’ ಎಂದು ಬರೆದು ಅಂಕ ಪಡೆಯುತ್ತದೆ. ಬದಲಿಗೆ ಶಿಕ್ಷಕರು ಕನ್ನಡದಲ್ಲಿ, ‘ಗುರುವಾರ ಒಳ್ಳೆ ಹದಮಳೆ ಬಂತು ಅಂದ್ಕೊಳ್ಳಿ, ರೈತರು ಏನು ಮಾಡ್ತಾರೆ?’ ಎಂದು ಕೇಳಲಿ. ‘ನಾಟ್’ ಎಂಬ ಪದ ಕಂಡು ‘ಬಿತ್ತಲ್ಲ ಸಾರ್’ ಎನ್ನುವ ಮಗುವಿಗೂ ‘ಬಿತ್ತುತ್ತಾರೆ ಸಾರ್’ ಎನ್ನುವ ಮಗುವಿಗೂ ಇರುವ ಅಂತರ ಆ ಕ್ಷಣವೇ ಗೊತ್ತಾಗುತ್ತದೆ. ಗುರುವಾರ ಎಂಬುದು ಪ್ಯಾಸೇಜಿನಲ್ಲಿಲ್ಲ, ಹದಮಳೆಯೂ ಇಲ್ಲ. ವಾಕ್ಯದ ಒಳಗೆ ಹೋಗದೆ ಉತ್ತರಕ್ಕೆ ದಾರಿಯಿಲ್ಲ. ತಪ್ಪು ಹೇಳಿದ ಮಗುವನ್ನು ಮತ್ತೆ ಮೊದಲ ಪದಕ್ಕೆ ಕರೆದೊಯ್ದು, ಆ ಒಂದು ಪದ ಇಡೀ ವಾಕ್ಯವನ್ನು ಹೇಗೆ ತಿರುಗಿಸಿತು ಎಂದು ತೋರಿಸಿದರೆ ಅದೇ ಪಾಠ. ರಾಗಿ ಹೊಲ ಕಂಡ ಮಗುವಿಗೆ ಇದರಲ್ಲಿ ತನ್ನದೇ ತಿಳಿವಳಿಕೆಯ ಆಸರೆಯೂ ಉಂಟು.

ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಂದರೆ ಇಂಗ್ಲಿಷ್ ಕಿವಿಗೆ ಬೀಳುವುದೇ ಕಡಿಮೆಯಾಗುತ್ತದೆ ಎಂಬ ಆಕ್ಷೇಪ ಗೌರವಕ್ಕೆ ಅರ್ಹವಾದದ್ದು. ಪಾಠವನ್ನು ಪೂರ್ತಿ ಕನ್ನಡಕ್ಕೆ ಅನುವಾದಿಸಿ ಹೇಳಿ ಮುಗಿಸುವ ಪದ್ಧತಿಯನ್ನು ನಾನೂ ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಅರ್ಥಮಾಡಿಕೊಳ್ಳುವ ಕೆಲಸವನ್ನು ಶಿಕ್ಷಕರೇ ಮಾಡಿಬಿಡುತ್ತಾರೆ. ನಾನು ಹೇಳುತ್ತಿರುವುದು ಮಗು ಇಂಗ್ಲಿಷಿನಲ್ಲಿ ಓದಿ, ತಿಳಿದದ್ದನ್ನು ಕನ್ನಡದಲ್ಲಿ ಹೇಳುವುದು. ಎರಡನೆಯ ಭಾಷೆಯಲ್ಲಿ ಓದಿದ್ದನ್ನು ಅದೇ ಭಾಷೆಯಲ್ಲಿ ಹೇಳಿಸಿದಾಗ ಹೊರಬರುವುದಕ್ಕಿಂತ ಮಾತೃಭಾಷೆಯಲ್ಲಿ ಹೇಳಿಸಿದಾಗ ಹೆಚ್ಚು ಹೊರಬರುತ್ತದೆ ಎಂದು ಜೇಮ್ಸ್ ಲೀ 1986ರಲ್ಲಿ ತೋರಿಸಿದ್ದಾರೆ. ಒಂದು ಭಾಷೆಯಲ್ಲಿ ಗಳಿಸಿದ ಓದಿನ ಶಕ್ತಿ ಇನ್ನೊಂದಕ್ಕೂ ದಾಟುತ್ತದೆ ಎಂದು ಜಿಮ್ ಕಮಿನ್ಸ್ 1979ರಿಂದಲೂ ವಾದಿಸಿದ್ದಾರೆ. ಇದನ್ನು ಒಪ್ಪಿದರೆ ಕನ್ನಡದ ಪಾಠದಲ್ಲೂ ‘ಪ್ರಶ್ನೋತ್ತರ ಬರೆಸುವ’ ಪದ್ಧತಿ ಬದಲಾಗಬೇಕಾಗುತ್ತದೆ. ಕನ್ನಡದ ಗದ್ಯವನ್ನು ಪ್ರಶ್ನಿಸಿ ಓದಲು ಕಲಿಯದ ಮಗುವಿನಿಂದ ಇಂಗ್ಲಿಷಿನಲ್ಲಿ ಅದನ್ನು ನಿರೀಕ್ಷಿಸುವುದು ಅನ್ಯಾಯ.

ಅಭ್ಯಾಸದ ಪ್ರಮಾಣದ ಬಗ್ಗೆ ಒಂದು ಮಾತು. ವಾರಕ್ಕೊಂದು ಪ್ಯಾಸೇಜ್ ಬಿಡಿಸಿ ಯಾರೂ ಓದುಗರಾಗಿಲ್ಲ. ಫಿಜಿ ದ್ವೀಪರಾಷ್ಟ್ರದ ಗ್ರಾಮೀಣ ಶಾಲೆಗಳ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಎಲೀ ಮತ್ತು ಮಂಗುಭಾಯಿ ಎಂಬ ಸಂಶೋಧಕರು ತರಗತಿಗೆ 250ರಂತೆ ಚಿತ್ರವಿರುವ ಇಂಗ್ಲಿಷ್ ಕಥೆಪುಸ್ತಕಗಳನ್ನು ಕೊಟ್ಟರು. 1983ರ ಅವರ ವರದಿಯಂತೆ ಆ ಮಕ್ಕಳ ಓದು ಸುಮಾರು ಎರಡರಷ್ಟು ವೇಗದಲ್ಲಿ ಬೆಳೆಯಿತು. ಅಲ್ಲಿಯೂ ಇಂಗ್ಲಿಷ್ ಮನೆಮಾತಾಗಿರಲಿಲ್ಲ. ನಮ್ಮ ಶಾಲೆಗಳ ಬೀರುಗಳಲ್ಲಿ ಪುಸ್ತಕಗಳಿವೆ. ಕಳೆದುಹೋದರೆ ಲೆಕ್ಕ ಕೊಡಬೇಕೆಂಬ ಭಯದಲ್ಲಿ ಎಷ್ಟೋ ಕಡೆ ಬೀಗದೊಳಗಿವೆ.

ಶಿಕ್ಷಕರು ಪರೀಕ್ಷೆಗೆ ತಕ್ಕಂತೆ ಕಲಿಸುತ್ತಾರೆ, ಅದು ತಪ್ಪಲ್ಲ. ಆದ್ದರಿಂದ ನನ್ನ ಮನವಿ ಪ್ರಶ್ನೆಪತ್ರಿಕೆ ರಚಿಸುವವರಿಗೆ. ಅನ್‌ಸೀನ್ ಪ್ಯಾಸೇಜಿನ ಪ್ರಶ್ನೆಗಳಲ್ಲಿ ಒಂದಾದರೂ ಯಾವ ಸಾಲಿನಲ್ಲೂ ನೇರವಾಗಿ ಸಿಗದ ಉತ್ತರದ್ದಾಗಿರಲಿ, ಮತ್ತು ಆ ಉತ್ತರವನ್ನು ಕನ್ನಡದಲ್ಲಿ ಬರೆಯಲು ಮಗುವಿಗೆ ಅವಕಾಶವಿರಲಿ. ಇದಕ್ಕೆ ಹೊಸ ಪಠ್ಯಪುಸ್ತಕ ಬೇಡ, ಹೆಚ್ಚಿನ ಹಣವೂ ಬೇಡ. ಆ ಒಂದು ಪ್ರಶ್ನೆ ಬಂದ ಮರುವರ್ಷವೇ ತರಗತಿಯ ಅಭ್ಯಾಸ ಅದರತ್ತ ತಿರುಗುತ್ತದೆ.