ಒಂದು ತುದಿಗೆ ಬಾರು, ಇನ್ನೊಂದು ತುದಿಗೆ ಫೋನು

1935ರ ಮೇ ತಿಂಗಳ ಒಂದು ಶನಿವಾರ. ಅಮೆರಿಕದ ಒಹಾಯೊ ರಾಜ್ಯದ ಅಕ್ರಾನ್ ಅನ್ನೋ ಊರು. ಅಲ್ಲಿನ ಮೇಫ್ಲವರ್ ಹೋಟೆಲಿನ ಲಾಬಿಯಲ್ಲಿ ಬಿಲ್ ವಿಲ್ಸನ್ ಅತ್ತಿಂದಿತ್ತ ಓಡಾಡ್ತಾ ಇದ್ದ. ನ್ಯೂಯಾರ್ಕಿನ ಷೇರುಪೇಟೆಯ ಮನುಷ್ಯ. ಕುಡಿದು ಕುಡಿದು ಎಲ್ಲ ಕಳಕೊಂಡು, ಹಿಂದಿನ ಡಿಸೆಂಬರಿನಲ್ಲಷ್ಟೇ ಬಿಟ್ಟಿದ್ದ. ಒಂದು ಕಂಪನಿಯ ಆಡಳಿತ ಹಿಡಿಯೋ ವ್ಯವಹಾರಕ್ಕೆ ಬಂದವನಿಗೆ ಅಲ್ಲೂ ಸೋಲು. ಜೇಬಿನಲ್ಲಿ ಉಳಿದಿದ್ದು ಹತ್ತು ಡಾಲರ್ ಆಸುಪಾಸು. ಪರಿಚಯದವರಿಲ್ಲದ ಊರು. ಲಾಬಿಯ ತುದಿಯ ಬಾರಿನಿಂದ ನಗು, ಮಾತು ಕೇಳಿಸ್ತಿತ್ತು.

ಒಳಗೆ ಹೋಗಿ ಬರೀ ಜಿಂಜರ್ ಏಲ್ ಇಟ್ಕೊಂಡು ಕೂತ್ರಾಯ್ತು, ಮಾತಿಗೆ ಯಾರಾದ್ರೂ ಸಿಗ್ತಾರೆ ಅಂತ ಅವನಿಗನ್ನಿಸಿತು. ಆಮೇಲೆ, ಮೂರು ಪೆಗ್ಗಾದ್ರೆ ತಡಕೋಬಹುದೇನೋ ಅಂತಲೂ ಅನ್ನಿಸಿತು. ಗಮನಿಸಿ, ಬಾಟಲಿ ಬಂದದ್ದು ಕೊನೆಗೆ. ಅದಕ್ಕೂ ಮೊದಲು ಸೋಲು, ಒಂಟಿತನ, ಕೆಲಸವಿಲ್ಲದ ಶನಿವಾರ, ಎಲ್ಲ ಬಂದು ಕೂತಾಗಿತ್ತು.

ಅವನಿಗೆ ಭಯ ಹತ್ತಿತು. ಆ ಭಯವೇ ಕಾಪಾಡಿತು. ಲಾಬಿಯ ಇನ್ನೊಂದು ತುದಿಯಲ್ಲಿ ಫೋನಿತ್ತು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಒಬ್ಬ ಪಾದ್ರಿಗೆ ಫೋನ್ ಮಾಡಿದ. ಅವರಿಂದ ಇವರಿಗೆ, ಇವರಿಂದ ಇನ್ನೊಬ್ಬರಿಗೆ ಅಂತ ಹೋಗಿ ಮರುದಿನ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ತಾವೇ ಕುಡಿತದಿಂದ ಕಂಗೆಟ್ಟಿದ್ದ ಸರ್ಜನ್. ಹದಿನೈದೇ ನಿಮಿಷ ಅಂತ ಬಂದವರು ರಾತ್ರಿ ಹನ್ನೊಂದು ದಾಟಿದರೂ ಮಾತಾಡ್ತಾನೇ ಇದ್ದರು. ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಹುಟ್ಟಿದ್ದು ಹೀಗೆ.

ಸಾಮಾನ್ಯವಾಗಿ ಕಥೆಯನ್ನ ಇಲ್ಲಿಗೇ ನಿಲ್ಲಿಸ್ತಾರೆ. ಆದರೆ ಮುಂದಿನದೇ ಮುಖ್ಯ. ಕುಡಿತ ಬಿಟ್ಟ ಕೆಲವೇ ವಾರಕ್ಕೆ ಡಾಕ್ಟರು ವೈದ್ಯರ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೋದರು. ರೈಲು, ಹೋಟೆಲು, ಮನೆಯವರ ಕಣ್ಣಿಲ್ಲ. ಮತ್ತೆ ಕುಡಿದರು. ವಾಪಸ್ ಬಂದಾಗ ಮುಂದೆ ಆಪರೇಷನ್ ಇತ್ತು, ಕೈ ನಡುಗ್ತಿತ್ತು. ಸಂಘ ಹೇಳೋ ಪ್ರಕಾರ ಜೂನ್ 10ರ ಬೆಳಿಗ್ಗೆ ವಿಲ್ಸನ್ನೇ ಒಂದು ಬಿಯರ್ ಕೊಟ್ಟ. (ಆ ಕಾಲದ ಮಾತು ಇದು, ಈಗ ಕೈ ನಡುಕಕ್ಕೆ ಆಸ್ಪತ್ರೆಗೇ ಹೋಗಬೇಕು.) ಅದೇ ಡಾಕ್ಟರ ಕೊನೆಯ ಕುಡಿತ. 1950ರಲ್ಲಿ ಸಾಯೋವರೆಗೂ ಮತ್ತೆ ಮುಟ್ಟಲಿಲ್ಲ. ಸಂಘ ತನ್ನ ಹುಟ್ಟುಹಬ್ಬ ಆಚರಿಸೋದು ಆ ಜೂನ್ 10ರಂದೇ! ಅಂದರೆ ಜಾರಿ ಬಿದ್ದವರೊಬ್ಬರು ಎದ್ದ ದಿನ.

ಐವತ್ತು ವರ್ಷದ ನಂತರ, 1985ರಲ್ಲಿ, ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಮತ್ತು ಜೂಡಿತ್ ಗಾರ್ಡನ್ ಇದನ್ನೇ ಪುಸ್ತಕವಾಗಿಸಿದರು. ಮರಳಿ ಕುಡಿಯೋ ಪ್ರಸಂಗಗಳಲ್ಲಿ ಹೆಚ್ಚಿನವು ಮೂರು ಗುಂಪಿಗೆ ಸೇರ್ತವೆ: ಬೇಸರ-ಸಿಟ್ಟಿನಂಥ ಮನಸ್ಥಿತಿ, ಮನೆಯವರ ಜೊತೆಗಿನಂಥ ಜಗಳ, ಜೊತೆಗಾರರ ಒತ್ತಾಯ. ಇನ್ನೊಂದು ಮಾತನ್ನೂ ಹೇಳಿದರು: ಒಮ್ಮೆ ಜಾರಿದ್ದಕ್ಕಿಂತ, ‘ಹೋಯ್ತು, ಇನ್ನೇನು ಎಲ್ಲ ಮುಗೀತು’ ಅನ್ನೋ ಯೋಚನೆಯೇ ಮನುಷ್ಯನನ್ನ ಪೂರ್ತಿ ಕೆಡವೋದು.

ನಮ್ಮಲ್ಲೂ ಲೆಕ್ಕ ಹಾಕಿ ನೋಡಿ. ಸಂಬಳದ ದಿನ, ಹಬ್ಬದ ಮರುದಿನದ ಬಾಡೂಟ, ಭಾವಮೈದುನನ ‘ಒಂದೇ ಒಂದು ಹಾಕು ಭಾವ’. ಬಿಟ್ಟವರು ಮನೇಲಿದ್ದರೆ ಸಂಜೆ ಬಾಯಿ ಮೂಸಿ ನೋಡೋ ಬದಲು, ‘ಇವತ್ತು ದಿನ ಹೆಂಗಿತ್ತು?’ ಅಂತ ಕೇಳಿ. ವಿಲ್ಸನ್ ಅವತ್ತು ಫೋನಿನಲ್ಲಿ ಹುಡುಕಿದ್ದೂ ಹಾಗೆ ಮನಬಿಚ್ಚಿ ಮಾತಾಡೋಕೆ ತನ್ನಂಥ ಇನ್ನೊಬ್ಬರನ್ನೇ.