ಸರ್ಕಾರಿ ಕಚೇರಿಗಳಲ್ಲಿ ಸ್ವಚ್ಛತೆ ಹಾಗೂ ಕಡತಗಳ ವ್ಯವಸ್ಥಿತ ನಿರ್ವಹಣೆ

ಕಚೇರಿಯ ಸ್ವಚ್ಛತೆ ಎಂದೊಡನೆ ಕಸ ಗುಡಿಸುವುದು, ನೆಲ ಒರೆಸುವುದು, ಶೌಚಾಲಯ ತೊಳೆಯುವುದು ನೆನಪಿಗೆ ಬರುವುದು ಸಹಜ. ಇವು ಅಗತ್ಯವೇ ಸರಿ. ಆದರೆ ಸೇವೆಗಾಗಿ ಅರ್ಜಿ ಸಲ್ಲಿಸುವ ನಾಗರಿಕರಿಗೆ ಕಚೇರಿಯ ಅಚ್ಚುಕಟ್ಟುತನದ ಅಳತೆಗೋಲು ಬೇರೆಯೇ ಆಗಿರುತ್ತದೆ. ಸಂಬಂಧಪಟ್ಟ ವಿಷಯ ನಿರ್ವಾಹಕರು ರಜೆಯಲ್ಲಿದ್ದಾಗ ಅಥವಾ ವರ್ಗಾವಣೆಗೊಂಡಾಗ, ಪಕ್ಕದ ಮೇಜಿನ ನೌಕರರು ಅರ್ಜಿದಾರರ ಕಡತವನ್ನು ಹುಡುಕಿ ತೆಗೆಯಬಲ್ಲರೇ ಎಂಬುದೇ ಆ ಅಳತೆ. ನೆಲ ಹೊಳೆಯುತ್ತಿದ್ದರೂ ಕಡತ ಸಿಗದ ಕಚೇರಿಯನ್ನು ಸ್ವಚ್ಛ ಕಚೇರಿ ಎನ್ನಲಾಗದು.

ಕಾನೂನಿನ ಹಿನ್ನೆಲೆ

ಕಡತಗಳನ್ನು ಒಪ್ಪವಾಗಿ ಇರಿಸುವುದು ಅಧಿಕಾರಿಗಳ ಅಭಿರುಚಿಗೆ ಬಿಟ್ಟ ವಿಷಯವಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಎ) ಪ್ರಕಾರ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಎಲ್ಲ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಹಿತ ನಿರ್ವಹಿಸತಕ್ಕದ್ದು. ರಾಜ್ಯದಲ್ಲಿ ಇದಕ್ಕೆ ಪೂರಕವಾಗಿ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಅಧಿನಿಯಮ, 2010 ಜಾರಿಯಲ್ಲಿದ್ದು, ಅದನ್ನು ಉಲ್ಲಂಘಿಸಿ ದಾಖಲೆಗಳನ್ನು ಹೊರಗೆ ಒಯ್ಯುವುದು ಅಥವಾ ನಾಶಪಡಿಸುವುದು ದಂಡನೀಯ ಅಪರಾಧವಾಗಿದೆ.

“ಕಡತ ಲಭ್ಯವಿಲ್ಲ” ಎಂಬ ಉತ್ತರದ ಬಗ್ಗೆ ದೆಹಲಿ ಉಚ್ಚ ನ್ಯಾಯಾಲಯವು 2013ರಲ್ಲಿ, ಕೇಂದ್ರ ಸರ್ಕಾರ ಮತ್ತು ವಿಶ್ವಾಸ್ ಭಂಬೂರ್ಕರ್ ಪ್ರಕರಣದಲ್ಲಿ, ಸ್ಪಷ್ಟ ನಿಲುವು ತಳೆದಿದೆ. ಒಮ್ಮೆ ಕಚೇರಿಯಲ್ಲಿದ್ದ ದಾಖಲೆಯು ನಿಯಮಾನುಸಾರ ನಾಶವಾಗಿರದಿದ್ದಲ್ಲಿ, ಅದು ಸಿಗುತ್ತಿಲ್ಲವೆಂಬ ಕಾರಣ ನೀಡಿ ಮಾಹಿತಿ ನಿರಾಕರಿಸುವಂತಿಲ್ಲ. ಕೂಲಂಕಷವಾಗಿ ಹುಡುಕಬೇಕು, ಸಿಗದಿದ್ದಲ್ಲಿ ಹೊಣೆ ಯಾರದೆಂದು ನಿಗದಿಪಡಿಸಬೇಕು. ಅರ್ಜಿದಾರರು ಇದರಿಂದ ತಿಳಿಯಬೇಕಾದುದೇನೆಂದರೆ, “ನಾಶಪಡಿಸಲಾಗಿದೆ” ಮತ್ತು “ಲಭ್ಯವಿಲ್ಲ” ಎಂಬ ಎರಡು ಉತ್ತರಗಳು ಒಂದೇ ಅಲ್ಲ. ಮೊದಲನೆಯದಕ್ಕೆ ಮೇಲಧಿಕಾರಿಯ ಅನುಮೋದನೆ ಹಾಗೂ ನಾಶಪಡಿಸಿದ ಕಡತಗಳ ಪಟ್ಟಿ ಆಧಾರವಾಗಿರುತ್ತವೆ. ಎರಡನೆಯದಕ್ಕೆ ಯಾವ ಆಧಾರವೂ ಇರುವುದಿಲ್ಲ.

ಕಡತಗಳ ವರ್ಗೀಕರಣ ಮತ್ತು ವಿಲೇವಾರಿ

‘ಕಡತ’ ಎಂಬ ಪದವೇ ಹಳೆಯದು. ಹುಣಸೆಬೀಜದ ಅಂಟು ಹಾಗೂ ಇದ್ದಿಲು ಪುಡಿ ಬಳಿದು ಗಟ್ಟಿ ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಅದಕ್ಕೆ ಕಡತ ಎಂಬ ಹೆಸರು. ಹೀಗೆ ಬರೆದ ಕಡತಗಳು ಶೃಂಗೇರಿ ಮಠದ ಸಂಗ್ರಹದಲ್ಲಿ ಇಂದಿಗೂ ಉಳಿದುಬಂದಿವೆ. ಇಂದಿನ ಕಾಗದದ ಕಡತಗಳ ಪೈಕಿ ಎಷ್ಟೋ ಹತ್ತು ವರ್ಷವೂ ಬಾಳುವುದಿಲ್ಲ. ಅದಕ್ಕೆ ಕಾಗದದ ಗುಣಕ್ಕಿಂತ ಇಡುವ ಕ್ರಮವೇ ಹೆಚ್ಚು ಕಾರಣ.

ರಾಜ್ಯದ ಕಚೇರಿಗಳಲ್ಲಿ ಮುಕ್ತಾಯಗೊಂಡ ಕಡತಗಳನ್ನು ಐದು ವರ್ಗಗಳಾಗಿ ವಿಂಗಡಿಸಲಾಗುತ್ತದೆ. ‘ಎ’ ವರ್ಗದವನ್ನು ಶಾಶ್ವತವಾಗಿ, ‘ಬಿ’ ವರ್ಗದವನ್ನು 30 ವರ್ಷ, ‘ಸಿ’ ವರ್ಗದವನ್ನು 10 ವರ್ಷ, ‘ಡಿ’ ವರ್ಗದವನ್ನು 5 ವರ್ಷ ಮತ್ತು ‘ಇ’ ವರ್ಗದವನ್ನು 1 ವರ್ಷ ಇರಿಸಿಕೊಳ್ಳಬೇಕು. ವರ್ಗವನ್ನು ಕಡತ ಮುಕ್ತಾಯಗೊಳಿಸುವಾಗಲೇ ಹೊದಿಕೆಯ ಮೇಲೆ ನಮೂದಿಸಿ, ಪುಟ ಸಂಖ್ಯೆ ಹಾಕಿ, ಅಭಿಲೇಖಾಲಯಕ್ಕೆ ಕಳುಹಿಸಿ ಸ್ವೀಕೃತಿ ಪಡೆಯಬೇಕು.

ತೊಡಕು ಉಂಟಾಗುವುದು ಇಲ್ಲಿಯೇ. ಮುಂದೆ ಬೇಕಾಗಬಹುದು ಎಂದು ಮುಕ್ತಾಯಗೊಂಡ ಕಡತಗಳನ್ನು ಮೇಜಿನ ಕೆಳಗೆ, ಬೀರುವಿನ ಮೇಲೆ, ಕಿಟಕಿಯ ಅಂಚಿನಲ್ಲಿ ಇಟ್ಟುಕೊಳ್ಳುವ ರೂಢಿ ಅನೇಕ ಕಚೇರಿಗಳಲ್ಲಿದೆ. ಅವು ಯಾವ ವಹಿಯಲ್ಲಿಯೂ ಇರುವುದಿಲ್ಲ. ಅವುಗಳ ಜಾಗ ಒಬ್ಬ ನೌಕರರ ನೆನಪಿನಲ್ಲಿ ಮಾತ್ರ ಇರುತ್ತದೆ. ಆ ನೌಕರರು ವರ್ಗಾವಣೆಗೊಂಡಾಗ ಪ್ರಭಾರ ಪಟ್ಟಿಯಲ್ಲಿ ಚಾಲ್ತಿ ಕಡತಗಳು ಮಾತ್ರ ಸೇರುತ್ತವೆ. ಮುಂದಿನವರಿಗೆ ಮೇಜಿನ ಕೆಳಗಿನ ಗಂಟು ಹಳೆಯ ಕಾಗದ ಮಾತ್ರ. ಆದರೆ ಅದರೊಳಗೆ ಯಾರದೋ ನಿವೃತ್ತಿ ವೇತನದ ಆದೇಶವೋ, ಅನುಕಂಪದ ನೇಮಕಾತಿಯ ಅರ್ಜಿಯೋ, ಜಮೀನು ಮಂಜೂರಾತಿಯ ನಡವಳಿಯೋ ಇರಬಹುದು. ಆಯುಧಪೂಜೆಯ ಹಿಂದಿನ ದಿನ ನಡೆಯುವ ಸಾಮೂಹಿಕ ಸ್ವಚ್ಛತೆಯಲ್ಲಿ ಇಂತಹ ಗಂಟುಗಳು ರದ್ದಿಯೊಡನೆ ಹೋಗುವ ಅಪಾಯ ಹೆಚ್ಚು. ಪೂಜೆಗೆ ಮೊದಲು ಕಚೇರಿ ಶುಚಿಯಾಗುವುದು ಸಂತೋಷದ ಸಂಗತಿಯೇ. ವಿಂಗಡಿಸದೆ ಎಸೆಯುವುದು ಮಾತ್ರ ಸಲ್ಲದು.

ಕೇಂದ್ರ ಸರ್ಕಾರವು 2021ರಿಂದ ಅಕ್ಟೋಬರ್ 2ರಿಂದ 31ರವರೆಗೆ ನಡೆಸುತ್ತಿರುವ ವಿಶೇಷ ಅಭಿಯಾನವು ಈ ದೃಷ್ಟಿಯಿಂದ ಗಮನಾರ್ಹ. ಅದರಲ್ಲಿ ಕಚೇರಿ ಶುಚಿಗೊಳಿಸುವುದರ ಜೊತೆಗೆ ಬಾಕಿ ಪ್ರಕರಣಗಳ ವಿಲೇವಾರಿ, ಕಡತಗಳ ಪರಿಶೀಲನೆ ಮತ್ತು ನಿರುಪಯುಕ್ತ ಸಾಮಗ್ರಿಗಳ ಮಾರಾಟವನ್ನೂ ಸೇರಿಸಲಾಗಿದೆ. ಗುಡಿಸುವುದು ಮತ್ತು ವಿಂಗಡಿಸುವುದು ಒಟ್ಟಿಗೆ ನಡೆದಾಗಲೇ ಜಾಗ ತೆರವಾಗುತ್ತದೆ.

ರಾಜ್ಯದ ಕಂದಾಯ ಇಲಾಖೆಯು 2024ರಲ್ಲಿ ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳ ಗಣಕೀಕರಣ ಕೈಗೊಂಡಿತು. ಸ್ಕ್ಯಾನ್ ಮಾಡುವ ಮೊದಲು ಪ್ರತಿ ಹಾಳೆಯ ಧೂಳು ಒರೆಸಿ, ಬಿಡಿಸಿ, ಪುಟಕ್ರಮ ಸರಿಪಡಿಸಿ, ಸೂಚಿ ತಯಾರಿಸಲೇಬೇಕು. ಅಸ್ತವ್ಯಸ್ತವಾದ ಕಡತವನ್ನು ಹಾಗೆಯೇ ಸ್ಕ್ಯಾನ್ ಮಾಡಿದರೆ ಗಣಕಯಂತ್ರದಲ್ಲಿಯೂ ಅದೇ ಅಸ್ತವ್ಯಸ್ತತೆ ಮುಂದುವರಿಯುತ್ತದೆ.

ಅಭಿಲೇಖಾಲಯದ ಪಾಲನೆ

ಕಪಾಟುಗಳು ಗೋಡೆಯಿಂದ ಹಾಗೂ ನೆಲದಿಂದ ಸುಮಾರು 15 ಸೆಂ.ಮೀ. ದೂರವಿದ್ದಲ್ಲಿ ತೇವ ಮತ್ತು ಗೆದ್ದಲಿನ ಬಾಧೆ ಬೇಗ ಕಣ್ಣಿಗೆ ಬೀಳುತ್ತದೆ. ಗುಂಡುಪಿನ್ನುಗಳು ತುಕ್ಕು ಹಿಡಿದು ಕಾಗದವನ್ನು ತಿನ್ನುವುದರಿಂದ ದಾರದ ಟ್ಯಾಗ್ ಬಳಸುವುದು ಉತ್ತಮ. ಕಡತಗಳಿರುವ ಕೊಠಡಿಯಲ್ಲಿ ಊಟ ಮಾಡಿದರೆ ಇಲಿ, ಜಿರಳೆ ಬರುತ್ತವೆ. ಇದು ತಿಳಿಯದವರಿಲ್ಲ; ಆದರೂ ಊಟದ ಡಬ್ಬಿ ಕಪಾಟಿನಲ್ಲಿಯೇ ಇರುತ್ತದೆ.

ಸಾರ್ವಜನಿಕರ ಪಾತ್ರ

ಕಚೇರಿ ಆವರಣದಲ್ಲಿ ಧೂಮಪಾನವು 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳನ್ವಯ ನಿಷಿದ್ಧ. 2025ರಲ್ಲಿ ಜಾರಿಗೆ ಬಂದ ರಾಜ್ಯ ತಿದ್ದುಪಡಿಯಿಂದ ದಂಡದ ಗರಿಷ್ಠ ಮೊತ್ತ ರೂ. 200ರಿಂದ ರೂ. 1,000ಕ್ಕೆ ಏರಿದೆ. ಮೆಟ್ಟಿಲ ಮೂಲೆಗಳಲ್ಲಿ ಎಲೆಅಡಿಕೆ ಉಗುಳುವುದು ಸಾರ್ವಜನಿಕರಿಂದ ಮಾತ್ರ ಆಗುವ ತಪ್ಪೆಂದು ಭಾವಿಸಬೇಕಾಗಿಲ್ಲ.

ಅರ್ಜಿಯೊಂದಿಗಿನ ದಾಖಲೆಗಳಿಗೆ ಪುಟ ಸಂಖ್ಯೆ ಹಾಕಿ, ಮೊದಲ ಪುಟದಲ್ಲಿ ಅವುಗಳ ಪಟ್ಟಿ ಬರೆದು ಸಲ್ಲಿಸುವುದು ಸೂಕ್ತ. ಹೀಗೆ ಮಾಡಿದಲ್ಲಿ ಯಾವುದೇ ಹಾಳೆ ಕಳೆದುಹೋದರೆ ಕೂಡಲೇ ತಿಳಿಯುತ್ತದೆ. ನಿಯಮದಲ್ಲಿ ಕಡ್ಡಾಯವಿಲ್ಲದೆ ಮೂಲ ದಾಖಲೆಗಳನ್ನು ಕೊಡಬಾರದು. ಸ್ವೀಕೃತಿ ಪತ್ರ ಪಡೆಯದೆ ಅರ್ಜಿಯನ್ನು ಯಾರ ಮೇಜಿನ ಮೇಲೂ ಇಟ್ಟು ಬರಬಾರದು. ಸಕಾಲ ವ್ಯಾಪ್ತಿಯ ಸೇವೆಗಳಿಗೆ 15 ಅಂಕಿಗಳ ಸಂಖ್ಯೆ ನೀಡಲಾಗುತ್ತದೆ. ನಿಗದಿತ ಅವಧಿ ಮೀರಿದಲ್ಲಿ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚ ಕೇಳುವ ಹಕ್ಕು ಅರ್ಜಿದಾರರಿಗಿದೆ. ಕಡತ ಸಿಗಲಿಲ್ಲವೆಂಬುದು ವಿಳಂಬಕ್ಕೆ ಸಮರ್ಥನೆಯಾಗದು.

ಕಡತ ಇಲ್ಲವೆಂದು ಬಾಯಿಮಾತಿನಲ್ಲಿ ತಿಳಿಸಿದಲ್ಲಿ ಲಿಖಿತ ಹಿಂಬರಹ ಕೇಳಬೇಕು. ಕಡತವು ಯಾವ ವರ್ಗಕ್ಕೆ ಸೇರಿತ್ತು, ಅಭಿಲೇಖಾಲಯಕ್ಕೆ ಯಾವ ದಿನಾಂಕದಂದು ಹೋಯಿತು, ನಾಶಪಡಿಸಿದ್ದಲ್ಲಿ ಆದೇಶ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಬಹುದು. ಸಂಬಂಧಪಟ್ಟ ವಹಿಗಳನ್ನು ಖುದ್ದಾಗಿ ಪರಿಶೀಲಿಸಲೂ ಕೋರಬಹುದು. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ತೃಪ್ತಿಕರವಾಗಿರದಿದ್ದಲ್ಲಿ, ಆ ನಂತರದ 30 ದಿನಗಳೊಳಗೆ ಅದೇ ಕಚೇರಿಯ ಪ್ರಥಮ ಮೇಲ್ಮನವಿ ಪ್ರಾಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು. ಆ ಅಧಿಕಾರಿಯ ಹೆಸರು ಮತ್ತು ಪದನಾಮ ಕಚೇರಿಯ ಸೂಚನಾ ಫಲಕದಲ್ಲಿ ಕಾಣದಿದ್ದರೆ ಮಾಹಿತಿ ಅಧಿಕಾರಿಯನ್ನು ಕೇಳಿ ಪಡೆಯಬಹುದು.