ಗ್ವಾಡಿಗೆ ಕಿವಿ ಇದ್ದ ಮನಿ

ನಾವು ಮನಿ ಕಟ್ಟಸೋ ಮುಂದ, ನಮ್ಮ ಮನಿಯವರು ಆಫೀಸಿಗೆ ಹೋದ ಮ್ಯಾಲೆ ಅಲ್ಲಿ ಕಾವಲು ನಂದೇ ಇತ್ತು. ಗೌಂಡಿ ಉಸುಕಿಗೆ ಎಷ್ಟು ಸಿಮೆಂಟ್ ಕಲಸ್ತಾನ, ಗ್ವಾಡಿಗೆ ನೀರು ಹೊಡದಾರೋ ಇಲ್ಲೋ, ಎಲ್ಲಾ ನೋಡಕೋತ ನಿಂದರತಿದ್ದೆ. ನಡುವ ಎರಡು ದಿವಸ ತವರಮನಿ ಲಗ್ನಕ್ಕ ಹೋಗಿ ಬಂದೆ. ಬರೋದರಾಗ ಬಚ್ಚಲಮನಿ ಪೈಪ್ ಗ್ವಾಡಿ ಒಳಗ ಹಾಕಿ, ಮ್ಯಾಲೆ ಗಿಲಾವೂ ಮಾಡಿ ಮುಗಿಸಿದ್ರು. ನೋಡ್ಲಿಕ್ಕೆ ಭಾಳ ಛಂದ, ನುಣ್ಣಗ ಕನ್ನಡಿ ಹಂಗ. ಮೂರು ವರ್ಷಕ್ಕ ಆ ಗ್ವಾಡಿ ಹಸಿ ಹಿಡೀತು. ಒಡದು ನೋಡಿದ್ರ ಒಂದು ಜೋಡಣಿ ಸರಿ ಅಂಟಿಸಿದ್ದೇ ಇಲ್ಲ! ನಾ ಕಣ್ಣು ತಗದದ್ದು ಎರಡೇ ದಿವಸ, ತಪ್ಪು ಹೊಕ್ಕಿದ್ದೂ ಅದೇ ಎರಡು ದಿವಸದಾಗ.

ಇದು ಹಳೇ ಮಾತು. ಮತ್ತ ನೆನಪಾಗಿದ್ದು ನಮ್ಮ ತಮ್ಮನ ಮಗನಿಂದ. ಇಂಜಿನಿಯರಿಂಗ್ ಓದ್ಲಿಕ್ಕತ್ತಾನ. "ಅತ್ಯಾ, ಪರದೇಶದಾಗಿನ ರಾಯಭಾರ ಕಚೇರಿ ಕಾಯಲಿಕ್ಕೆ ಅಮೇರಿಕಾದವರು ಸೆಕ್ಯುರಿಟಿ ಇಂಜಿನಿಯರ್ ಅಂತ ಬ್ಯಾರೇನ ಇಟ್ಟಾರ" ಅಂದ. "ಕಾಯಲಿಕ್ಕೆ ಬಂದೂಕಿನವರು ಸಾಕಲ್ಲೋ, ಇಂಜಿನಿಯರ್ ಯಾಕ ಬೇಕು?" ಅಂದೆ. ಅವ ನಕ್ಕು ಮಾಸ್ಕೋದ ಕಥಿ ಹೇಳಿದ. ಕೇಳಿ ನನಗ ನಿದ್ದಿ ಬರಲಿಲ್ಲ. ಮುಂದ ನಾನೂ ಹುಡುಕಿ ಓದಿದೆ. ಅದನ್ನ ನಿಮಗೂ ಹೇಳಬೇಕನಿಸ್ತು.

1945ರ ಆಗಸ್ಟ್. ಯುದ್ಧ ಮುಗಿಯೋ ಹೊತ್ತು. ರಷ್ಯಾ, ಅಮೇರಿಕಾ ಇನ್ನೂ ಗೆಳ್ಯಾರು. ಸೋವಿಯತ್ ಶಾಲಿ ಹುಡುಗರು ಬಂದು ಅಮೇರಿಕಾದ ರಾಯಭಾರಿ ಹ್ಯಾರಿಮನ್ ಅವರಿಗೆ ಒಂದು ಕಾಣಿಕಿ ಕೊಟ್ರು. ಕಟಗಿಯೊಳಗ ಕೆತ್ತಿದ ಅಮೇರಿಕಾದ ರಾಜಮುದ್ರಿ, ರೆಕ್ಕಿ ಬಿಚ್ಚಿದ ಗರುಡ. ಸಣ್ಣ ಮಕ್ಕಳು ಪ್ರೀತಿಯಿಂದ ತಂದದ್ದನ್ನ ಯಾರು ಬ್ಯಾಡ ಅಂತಾರ? ರಾಯಭಾರಿ ಇರೋ ಮನಿ, ಸ್ಪಾಸೋ ಹೌಸ್, ಅದರ ಓದೋ ಖೋಲಿ ಗ್ವಾಡಿಗೆ ತೂಗು ಹಾಕಿದ್ರು. ಏಳು ವರ್ಷ ಅಲ್ಲೇ ಇತ್ತು. ಅಷ್ಟರಾಗ ನಾಲ್ಕು ಮಂದಿ ರಾಯಭಾರಿಗಳು ಬದಲಾದ್ರು.

ಅದರ ಹೊಟ್ಯಾಗ ಒಂದು ಕದ್ದು ಕೇಳೋ ಯಂತ್ರ ಇತ್ತು. ಬ್ಯಾಟರಿ ಇಲ್ಲ, ವೈರ್ ಇಲ್ಲ. ಒಂದು ತಾಮ್ರದ ಡಬ್ಬಿ, ಅದಕ್ಕ ಭಾಳ ತೆಳ್ಳಗಿನ ಪೊರಿ, ಒಂದು ಕಡ್ಡಿ, ಅಷ್ಟ. ಹೊರಗಿಂದ ರೇಡಿಯೋ ತರಂಗ ಬಿಟ್ರ ಮಾತ್ರ ಅದಕ್ಕ ಜೀವ ಬರತಿತ್ತು. ಖೋಲ್ಯಾಗ ಮಾತಾಡಿದ್ರ ಪೊರಿ ನಡಗ್ತದ, ಆ ನಡುಕ ಹೊತ್ತು ತರಂಗ ಹೊರಗ ಹೋಗ್ತದ. ತರಂಗ ನಿಂತ್ರ ಅದು ಬರೇ ಕಟಗಿ, ತಾಮ್ರ. ಹಿಂಗಾಗಿ ಎಷ್ಟು ಸಲ ತಪಾಸಣಿ ಮಾಡಿದ್ರೂ ಸಿಗಲಿಲ್ಲ. ಇದನ್ನ ಮಾಡಿದವ ಲೆವ್ ಟೆರ್ಮೆನ್. ಕೈ ಮುಟ್ಟಲಾರದ ನುಡಿಸೋ ವಾದ್ಯ, ಥೆರೆಮಿನ್, ಅದನ್ನ ಕಂಡುಹಿಡಿದವನೂ ಇವನೇ. ಸ್ಟಾಲಿನ್ ಕಾಲದಾಗ ಜೇಲಿಗೆ ಬಿದ್ದು, ಕೈದಿಗಳ ಪ್ರಯೋಗಶಾಲಾದಾಗ ದುಡೀತಿದ್ದ.

1952ರಾಗ ರಾಯಭಾರಿ ಜಾರ್ಜ್ ಕೆನನ್ ಇದ್ದಾಗ ತಂತ್ರಜ್ಞರು ಬಂದ್ರು. "ನೀವು ಏನರೆ ಬರಸ್ಕೋತ ಮಾತಾಡ್ರಿ, ಅಷ್ಟರಾಗ ನಾವು ಹುಡುಕ್ತೇವಿ" ಅಂದ್ರು. ಅವರು ಹಳೇ ಒಂದು ಪತ್ರ ದೊಡ್ಡ ಧ್ವನಿಲೆ ಓದಿ ಬರಸ್ಲಿಕ್ಕತ್ರು, ಇವರು ಯಂತ್ರ ಹಿಡಕೊಂಡು ಖೋಲಿ ತುಂಬ ತಿರಗಿದ್ರು. ಕಡೀಕ ಮುದ್ರಿ ಇಳಿಸಿ, ಗೌಂಡಿ ಸುತ್ತಿಗಿ ತಗೊಂಡು ಮೊದಲು ಗ್ವಾಡಿ ಒಡದ್ರು, ಆಮ್ಯಾಲೆ ಮುದ್ರೀನೂ ಒಡದ್ರು. ಸಿಕ್ತು! ನಮ್ಮ ಬಚ್ಚಲ ಗ್ವಾಡಿಗೆ ಸುತ್ತಿಗಿ ಬಿದ್ದಾಗಿನ ಸಪ್ಪಳ ನನಗ ಮತ್ತ ಕೇಳಿಸಿಧಂಗಾತು.

ಇಷ್ಟಾದ ಮ್ಯಾಲೆ ಶಾಣ್ಯಾ ಆಗಬೇಕಿತ್ತು, ಅಲ್ಲಾ? ಆಗಲಿಲ್ಲ. 1984ರಾಗ ಮಾಸ್ಕೋ ಕಚೇರಿಯ ಯಂತ್ರಗಳನ್ನೆಲ್ಲಾ ಗುಟ್ಟಾಗಿ ಅಮೇರಿಕಾಕ್ಕ ಒಯ್ದು ಒಂದೊಂದನ್ನೂ ಎಕ್ಸ್-ರೇ ಮಾಡಿದ್ರು. ಐಬಿಎಂ ಸೆಲೆಕ್ಟ್ರಿಕ್ ಅನ್ನೋ ಟೈಪ್‌ರೈಟರಿನ ಲೋಹದ ಪಟ್ಟಿ ಒಳಗ ಕಳ್ಳ ಯಂತ್ರ ಕೂತಿತ್ತು. ಅಕ್ಷರ ಹೊಡದಾಗ ಒಳಗಿನ ಭಾಗ ಹೆಂಗ ಸರೀತಾವ ಅನ್ನೋದನ್ನ ಹಿಡದು ರೇಡಿಯೋ ಮೂಲಕ ಹೊರಗ ಕಳಸ್ತಿತ್ತು. ಮಾಸ್ಕೋ, ಲೆನಿನ್‌ಗ್ರಾಡ್ ಎರಡೂ ಕೂಡಿ ಅಂಥಾವು 16 ಸಿಕ್ಕವು. ಮೊದಲನೇದು 1976ರಿಂದನ ಕೆಲಸ ಮಾಡ್ಲಿಕ್ಕತ್ತಿತ್ತು. ಟೈಪ್‌ರೈಟರ್ ಅಮೇರಿಕಾದ್ದೇ. ಆದ್ರ ದಾರಿಯೊಳಗ ಯಾರೂ ಕಾವಲಿಗಿಲ್ಲದ ಹೊತ್ತು ಒಂದಿಷ್ಟು ಇತ್ತು.

ಮೂರನೇದಂತೂ ಮನೀನ. 1979ರಾಗ ಮಾಸ್ಕೋದೊಳಗ ಹೊಸ ಕಚೇರಿ ಕಟ್ಟಲಿಕ್ಕೆ ಶುರು ಮಾಡಿದ್ರು. ಕಟ್ಟೋರು ಸೋವಿಯತ್ ಕೆಲಸಗಾರರು. ಕಾಂಕ್ರೀಟಿನ ದೊಡ್ಡ ದೊಡ್ಡ ಹಲಗಿ ಬ್ಯಾರೆ ಕಡೆ ಅಚ್ಚು ಹಾಕಿ ತರತಿದ್ರು, ಅಲ್ಲಿ ನೋಡ್ಲಿಕ್ಕೆ ಅಮೇರಿಕಾದವರು ಯಾರೂ ಇದ್ದಿಲ್ಲ. ಗ್ವಾಡಿಗೂ ಕಿವಿ ಇರ್ತಾವ ಅಂತ ನಾವು ಗಾದಿ ಹೇಳ್ತೇವಿ, ಅಲ್ಲೆ ಖರೇನ ಗ್ವಾಡಿ ಒಳಗ ಕಿವಿ ಹಾಕಿ ಕಳಿಸಿದ್ರು. 1985ರಾಗ ಕೆಲಸ ನಿಲ್ಲಿಸಿದ್ರು. ಆ ಕಟ್ಟಡ ವರ್ಷಗಟ್ಟಲೆ ಖಾಲಿ ನಿಂತಿತು. 1991ರ ಡಿಸೆಂಬರಿನಾಗ ಕೆಜಿಬಿ ಮುಖ್ಯಸ್ಥ ಬಕಾಟಿನ್ ಅವರೇ ಎಲ್ಲೆಲ್ಲೆ ಏನೇನು ಇಟ್ಟಾರ ಅನ್ನೋ ನಕ್ಷಾ ಅಮೇರಿಕಾದ ರಾಯಭಾರಿ ಕೈಯಾಗ ಕೊಟ್ರು. ಆದ್ರೂ ನಂಬಿಗಿ ಹುಟ್ಟಲಿಲ್ಲ. ಮ್ಯಾಲಿನ ಎರಡು ಅಂತಸ್ತು ಕೆಡವಿ, ತಮ್ಮ ಕೆಲಸಗಾರರು, ತಮ್ಮ ದೇಶದ ಸಾಮಾನು ತಂದು ನಾಲ್ಕು ಅಂತಸ್ತು ಹೊಸದಾಗಿ ಏರಿಸಿದ್ರು. ಒಳಗ ಹೋಗಿ ಕೂತದ್ದು 2000ನೇ ಇಸವಿಗೆ.

ಅಮೇರಿಕಾದವರೇನು ಸಾಚಾ ಅಲ್ಲ ಮತ್ತ. ವಾಷಿಂಗ್ಟನ್ನಿನ ಸೋವಿಯತ್ ಕಚೇರಿ ಕೆಳಗ ಇವರೂ ಸುರಂಗ ತೋಡಿದ್ರಂತ 2001ರಾಗ ಪತ್ರಿಕಾದಾಗ ಬಂತು.

ನನಗ ತಿಳದದ್ದು ಇಷ್ಟ. ಕಾಣಿಕಿ, ಟೈಪ್‌ರೈಟರ್, ಗ್ವಾಡಿ, ಮೂರಕ್ಕೂ ಕೀಲಿ ಒಡದು ಯಾರೂ ಒಳಗ ಬಂದಿಲ್ಲ. ಮೂರೂ ಒಂದಿಷ್ಟು ಹೊತ್ತು ಕಣ್ಣು ತಪ್ಪಿಸಿದ್ದವು, ಅಷ್ಟರಾಗ ಆಗೋದು ಆಗಿ ಹೋತು. ಹಂಗಾಗಿ ಆ ಇಂಜಿನಿಯರ್ ಕೆಲಸ ಬಾಗಲಾ ಹಾಕಿದ ಮ್ಯಾಲೆ ಶುರು ಆಗಂಗಿಲ್ಲ, ಇಟ್ಟಂಗಿ ಇಡೋಕಿಂತ ಮೊದಲ ಶುರು ಆಗ್ತದ. ಸಾಮಾನು ಎಲ್ಲೆ ತಯಾರಾತು, ಯಾರು ಹೊತ್ತು ತಂದ್ರು, ರಾತ್ರಿ ಎಲ್ಲೆ ಇಟ್ಟಿದ್ರು, ಹಾಕಿದ ಮುದ್ರಿ ಹಂಗ ಅದನೋ ಇಲ್ಲೋ, ಇದನ್ನ ನೋಡೋದೇ ಅವರ ನೌಕರಿ. ಕೆಲಸ ಛೊಲೋ ಆದ್ರ ಏನೂ ಆಗಂಗಿಲ್ಲ, ಏನೂ ಆಗಲಿಲ್ಲಂದ್ರ ಯಾರೂ ಶಾಬಾಸ್ ಅನ್ನಂಗಿಲ್ಲ. ಈ ಸಂಬಳ ನಮಗ ಹೆಂಗಸರಿಗೆ ಹೊಸದಲ್ಲ ಬಿಡ್ರಿ!

ಆದ್ರ ಒಬ್ಬರೇ ಎಷ್ಟಂತ ಕಾಯಬೇಕು? ತವರಮನಿ ಲಗ್ನಕ್ಕ ಹೋಗಿದ್ದು ತಪ್ಪು ಅಂತ ನಾ ಇವತ್ತಿಗೂ ಅನ್ನಂಗಿಲ್ಲ. ನನ್ನ ಜಾಗಾದಾಗ ಇನ್ನೊಬ್ಬರನ್ನ ನಿಂದರಿಸಿ ಹೋಗಲಿಲ್ಲ, ತಪ್ಪಾಗಿದ್ದು ಅದು.

ಈಗ ಮಾಳಿಗಿ ಮ್ಯಾಲೆ ಒಂದು ಖೋಲಿ ಕಟ್ಟಸ್ಲಿಕ್ಕತ್ತೇವಿ. ಬರೋ ವಾರ ಪೈಪ್ ಹಾಕ್ತಾರ, ಅದೇ ವಾರ ತಂಗಿ ಮಗಳ ಕುಬಸಾನೂ ಅದ. ನಾ ಕುಬಸಕ್ಕ ಹೋಗ್ತೇನಿ. ಇಲ್ಲೆ ನಮ್ಮ ತಮ್ಮನ ಮಗ ನಿಂದರತಾನ. "ಗಿಲಾವು ಮಾಡೋಕಿಂತ ಮೊದಲ ಒಂದೊಂದು ಜೋಡಣಿದೂ ಫೋಟೋ ತಗಿ, ಚಹಾ ಕುಡೀಲಿಕ್ಕೆ ಹೋದ್ರೂ ಬಾಗಲಾ ಕೀಲಿ ಹಾಕಿ ಹೋಗು" ಅಂತ ಹೇಳೇನಿ. "ಆತು ಅತ್ಯಾ, ಇದು ಮಾಸ್ಕೋ ಅಲ್ಲ" ಅಂದ. "ಮಾಸ್ಕೋದವರೂ ಹಂಗ ಅಂದ್ಕೊಂಡಿದ್ರೋ" ಅಂದೆ.